ಬರ್ಕ್ಲಿ ವರದಿಯ ವೆಚ್ಚವಾದ: ಕ್ಲೌಡ್ ದಾಸ್ತಾನಿನ ದೃಷ್ಟಿಯಿಂದ ಒಂದು ವಿಮರ್ಶೆ

ಗಣಕಯಂತ್ರದ ಶಕ್ತಿಯನ್ನೂ ಮಾಹಿತಿಯ ದಾಸ್ತಾನಿಗೆ ಬೇಕಾದ ಸ್ಥಳವನ್ನೂ ಸ್ವಂತಕ್ಕೆ ಕೊಂಡಿಟ್ಟುಕೊಳ್ಳದೆ, ದೂರದ ಸಂಸ್ಥೆಯೊಂದರಿಂದ ಬಾಡಿಗೆಗೆ ಪಡೆದು, ಬಳಸಿದಷ್ಟಕ್ಕೆ ಮಾತ್ರ ಹಣ ತೆರುವ ಪದ್ಧತಿಗೆ ‘ಕ್ಲೌಡ್’ ಎಂಬ ಹೆಸರು ರೂಢವಾಗಿದೆ. ಕನ್ನಡದಲ್ಲಿ ಇದನ್ನು ‘ಮೇಘಗಣನೆ’ ಎಂದು ಕರೆದವರಿದ್ದಾರೆ. ಆಡುಮಾತಿನಲ್ಲಿ ನಿಂತಿರುವುದು ಮಾತ್ರ ‘ಕ್ಲೌಡ್’ ಎಂಬುದೇ. ಪ್ರಸ್ತುತ ಲೇಖನದಲ್ಲಿಯೂ ಅದನ್ನೇ ಉಳಿಸಿಕೊಂಡಿದೆ. ಹೆಸರು ಬಹು ಸೊಗಸಾದುದೇ. ಆದರೆ ಮೋಡಕ್ಕೆ ಒಡೆಯನಿಲ್ಲ, ತೂಕವಿಲ್ಲ, ಬಾಗಿಲಿಲ್ಲ. ಈ ಕ್ಲೌಡಿಗಾದರೋ ಒಡೆಯನೂ ಉಂಟು, ಡಿಸ್ಕುಗಳ ಸಾಲುಗಳನ್ನು ಹೊತ್ತ ಭಾರಿ ಕಟ್ಟಡಗಳೂ ಉಂಟು, ಒಳಗೆ ಬರುವುದಕ್ಕೊಂದು ಹೊರಗೆ ಹೋಗುವುದಕ್ಕೊಂದು ಎಂದು ಬಾಗಿಲುಗಳೂ ಉಂಟು. ಆ ಎರಡು ಬಾಗಿಲುಗಳ ಸುಂಕ ಒಂದೇ ಅಲ್ಲವೆಂಬ ವಿಷಯ ಈ ವಿಮರ್ಶೆಯ ಕೊನೆಯ ಭಾಗಕ್ಕೆ ಸಂಬಂಧಿಸಿದ್ದು.

2009ನೆಯ ಇಸವಿಯ ಫೆಬ್ರವರಿ ತಿಂಗಳಲ್ಲಿ ಅಮೆರಿಕೆಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಬರ್ಕ್ಲಿ ಶಾಖೆಯ ಹನ್ನೊಂದು ಮಂದಿ ವಿದ್ವಾಂಸರು—ಮೈಕೇಲ್ ಆರ್ಮ್‌ಬ್ರಸ್ಟ್, ಆರ್ಮಾಂಡೊ ಫಾಕ್ಸ್, ಡೇವಿಡ್ ಪ್ಯಾಟರ್ಸನ್, ಅಯಾನ್ ಸ್ಟೊಯ್ಕ ಮೊದಲಾದವರು—ಈ ಪದ್ಧತಿಯನ್ನು ಕುರಿತು ಒಂದು ವರದಿಯನ್ನು ಪ್ರಕಟಿಸಿದರು. ಮರುವರ್ಷ ಅದರ ಸಂಗ್ರಹರೂಪ ಗಣಕವಿಜ್ಞಾನದ ಪ್ರಮುಖ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಕ್ಲೌಡಿನ ವೆಚ್ಚವನ್ನು ಕುರಿತು ಅನಂತರ ಬಂದ ಬರೆಹಗಳಲ್ಲಿ ಬಹುಪಾಲು ಈ ವರದಿಯ ಋಣವನ್ನು ಹೊತ್ತಿವೆ; ಹೊತ್ತಿರುವುದನ್ನು ಒಪ್ಪಿಕೊಂಡವು ಕೆಲವು, ಒಪ್ಪಿಕೊಳ್ಳದವು ಹಲವು. ಹದಿನೈದು ವರ್ಷಗಳಿಗೂ ಹೆಚ್ಚು ಕಾಲ ಕಳೆದಿರುವ ಈಗ ಅದನ್ನು ಮತ್ತೆ ಓದುವುದು ಅನಗತ್ಯವೆಂದು ಯಾರಾದರೂ ಹೇಳಿಯಾರು. ಗ್ರಂಥಾಲಯ ವಿಜ್ಞಾನದವರಾದ ನಮಗೆ ಅದು ಅನಗತ್ಯವಲ್ಲ. ಹಳೆಯ ಪತ್ರಿಕೆಗಳ ಪುಟಗಳು, ತಾಳೆಯೋಲೆಗಳ ಬಿಂಬಗಳು, ಧ್ವನಿಮುದ್ರಿಕೆಗಳು ಇವೆಲ್ಲವೂ ಒಂದೊಂದಾಗಿ ಬಾಡಿಗೆಯ ಉಗ್ರಾಣಗಳನ್ನು ಸೇರುತ್ತಿರುವ ಕಾಲದಲ್ಲಿ, ಆ ಬಾಡಿಗೆಗೆ ಸಮರ್ಥನೆಯಾಗಿ ಒದಗಿದ ಮೊದಲ ವಾದವನ್ನು ಪರೀಕ್ಷಿಸುವುದು ನಮ್ಮ ಕರ್ತವ್ಯವೆಂದೇ ಹೇಳಬೇಕು.

ಮೊದಲು ವರದಿಯ ವಾದವನ್ನು ಅದರ ಬಲವೆಲ್ಲ ಕಾಣುವಂತೆ ಮುಂದಿಡುವುದು ನ್ಯಾಯ. ಗ್ರಂಥಕರ್ತರು ಕೊಡುವ ಉದಾಹರಣೆ ಅತ್ಯಂತ ಸರಳವಾದುದು. ಒಂದು ಸೇವೆಗೆ ನಡುಹಗಲಿನಲ್ಲಿ 500 ಸರ್ವರುಗಳು ಬೇಕು, ಮಧ್ಯರಾತ್ರಿಯಲ್ಲಿ 100 ಸಾಕು, ದಿನದ ಸರಾಸರಿ 300 ಎಂದಿಟ್ಟುಕೊಳ್ಳೋಣ. ನಿಜವಾಗಿ ಬೇಕಾದುದು ದಿನಕ್ಕೆ 7,200 ಸರ್ವರು-ಗಂಟೆಗಳು. ಸ್ವಂತ ಯಂತ್ರಗಳನ್ನು ಇಟ್ಟುಕೊಳ್ಳುವವನಾದರೋ ನಡುಹಗಲಿನ ಒತ್ತಡಕ್ಕೆ ತಕ್ಕಂತೆ 500 ಯಂತ್ರಗಳನ್ನು ಕೊಳ್ಳಲೇಬೇಕು. ಅವನು ತೆರುವುದು 12,000 ಗಂಟೆಗಳ ಬೆಲೆ. ಎರಡರ ನಿಷ್ಪತ್ತಿ ಸುಮಾರು 1.7. ಆದುದರಿಂದ ಬಾಡಿಗೆಯ ದರ ಸ್ವಂತ ಯಂತ್ರದ ದರಕ್ಕಿಂತ ಹೆಚ್ಚಾಗಿದ್ದರೂ, 1.7 ಪಟ್ಟನ್ನು ಮೀರದಿರುವವರೆಗೆ ಬಾಡಿಗೆಯೇ ಲಾಭ. ಇದರ ಜೊತೆಗೆ ಮತ್ತೊಂದು ಮಾತು: ಸಾವಿರ ಯಂತ್ರಗಳನ್ನು ಒಂದು ಗಂಟೆ ಬಳಸುವುದಕ್ಕೂ ಒಂದು ಯಂತ್ರವನ್ನು ಸಾವಿರ ಗಂಟೆ ಬಳಸುವುದಕ್ಕೂ ಕ್ಲೌಡಿನಲ್ಲಿ ಒಂದೇ ಬೆಲೆ; ಇಂತಹ ಅನುಕೂಲ ಗಣಕದ ಇತಿಹಾಸದಲ್ಲಿ ಹಿಂದೆ ಇರಲಿಲ್ಲ. ಆಗಿನ ಕಾಲದ ಸ್ವಂತ ಸರ್ವರುಗಳು ತಮ್ಮ ಶಕ್ತಿಯಲ್ಲಿ ನೂರಕ್ಕೆ 5ರಿಂದ 20ರಷ್ಟನ್ನು ಮಾತ್ರ ಬಳಸುತ್ತಿದ್ದುವೆಂಬ ಅಂದಾಜನ್ನೂ ಅವರು ಕೊಟ್ಟಿದ್ದಾರೆ. ಅನಿಮೋಟೊ ಎಂಬ ಸೇವೆಗೆ ಜನಪ್ರಿಯತೆ ಒಮ್ಮೆಗೇ ಒದಗಿ, ಮೂರು ದಿನಗಳೊಳಗೆ ಅದರ ಸರ್ವರುಗಳ ಸಂಖ್ಯೆ 50ರಿಂದ 3,500ಕ್ಕೆ ಏರಬೇಕಾಯಿತೆಂಬ ನಿದರ್ಶನವೂ ಅಲ್ಲಿದೆ. ಸ್ವಂತ ಯಂತ್ರಗಳನ್ನು ನಂಬಿದ್ದವನು ಆ ಮೂರು ದಿನಗಳಲ್ಲಿ ಅಂಗಡಿ ಮುಚ್ಚಬೇಕಾಗುತ್ತಿತ್ತು.

ಈ ವಾದ ಗಣನೆಯ ಮಟ್ಟಿಗೆ ಅಖಂಡನೀಯವೆಂದೇ ನಮ್ಮ ಅಭಿಪ್ರಾಯ. ಮದುವೆಯ ದಿನಕ್ಕೆ ಬೇಕಾದ ಕೊಪ್ಪರಿಗೆಗಳನ್ನು ಮನೆಗೆ ಕೊಂಡು ತಂದಿಡುವ ಗೃಹಸ್ಥನಿಲ್ಲ. ಬಾಡಿಗೆಗೆ ತರುತ್ತಾನೆ, ಮರುದಿನ ತೊಳೆಸಿ ಹಿಂದಕ್ಕೆ ಕಳುಹಿಸುತ್ತಾನೆ. ಪರೀಕ್ಷಾಫಲಿತಾಂಶದ ದಿನ ಒಂದೆರಡು ಗಂಟೆಗಳ ಕಾಲ ಲಕ್ಷಾಂತರ ಜನ ಮುತ್ತುವ ಸೇವೆಗೂ ಇದೇ ನ್ಯಾಯ.

ಆದರೆ ಇಲ್ಲಿಯೇ ವರದಿಯ ಮುಖ್ಯವಾದ ಕೊರತೆಯೂ ತೋರಿಬರುತ್ತದೆ. 1.7 ಎಂಬ ಆ ಅಂಕಿ ಹುಟ್ಟಿದುದು ನಡುಹಗಲಿಗೂ ಮಧ್ಯರಾತ್ರಿಗೂ ಇರುವ ಅಂತರದಿಂದ. ಏರಿಳಿತವಿಲ್ಲದಿದ್ದರೆ ನಿಷ್ಪತ್ತಿ ಒಂದಕ್ಕೆ ಇಳಿಯುತ್ತದೆ; ಆಗ ಬಾಡಿಗೆಯ ದರ ಸ್ವಂತದ ದರಕ್ಕಿಂತ ಕಾಸಿನಷ್ಟು ಹೆಚ್ಚಾದರೂ ನಷ್ಟವೇ. ಈಗ ಕೇಳಬೇಕಾದ ಪ್ರಶ್ನೆ ಇದು: ದಾಸ್ತಾನಿನಲ್ಲಿ ಮಧ್ಯರಾತ್ರಿಯೆಂಬುದು ಯಾವಾಗ? ಒಂದು ತಾಳೆಯೋಲೆಯ ಬಿಂಬ ಹಗಲಿನಲ್ಲಿ ಎಷ್ಟು ಸ್ಥಳವನ್ನು ಆಕ್ರಮಿಸುತ್ತದೆಯೋ ರಾತ್ರಿಯೂ ಅಷ್ಟನ್ನೇ ಆಕ್ರಮಿಸುತ್ತದೆ. ಓದುವವರಿದ್ದರೂ ಅಷ್ಟೆ, ಇಲ್ಲದಿದ್ದರೂ ಅಷ್ಟೆ. ಸಂಗ್ರಹವೆಂಬುದು ಬೆಳೆಯುತ್ತದೆಯೇ ಹೊರತು ಇಳಿಯುವುದಿಲ್ಲ. ಗಣನೆಯ ವಿಷಯದಲ್ಲಿ ಸಿದ್ಧವಾದ ಒಂದು ವಾದವನ್ನು ದಾಸ್ತಾನಿನ ವಿಷಯಕ್ಕೂ ಸಲ್ಲುವಂತೆ ಓದುಗರು ಗ್ರಹಿಸಿದರು. ಹಾಗೆ ಗ್ರಹಿಸದಂತೆ ಎಚ್ಚರಿಸುವ ಮಾತು ವರದಿಯಲ್ಲಿ ಬೇಕಾದಷ್ಟು ಸ್ಪಷ್ಟವಾಗಿಲ್ಲ. ವಸ್ತುತಃ ದಾಸ್ತಾನಿನ ಪರವಾಗಿ ವರದಿಯಲ್ಲಿರುವ ಆಧಾರವೇ ಬೇರೆ. ಜೇಮ್ಸ್ ಹ್ಯಾಮಿಲ್ಟನ್ ಎಂಬ ತಜ್ಞರ ಅಂದಾಜನ್ನು ಅವಲಂಬಿಸಿ, ಸುಮಾರು ಸಾವಿರ ಸರ್ವರುಗಳ ಮಧ್ಯಮ ಕೇಂದ್ರದಲ್ಲಿ ಒಂದು ಗಿಗಾಬೈಟನ್ನು ತಿಂಗಳೊಂದು ಕಾಲ ಇಟ್ಟುಕೊಳ್ಳಲು 2.20 ಡಾಲರು ತಗಲಿದರೆ, ಐವತ್ತು ಸಾವಿರ ಸರ್ವರುಗಳ ಮಹಾಕೇಂದ್ರದಲ್ಲಿ 0.40 ಡಾಲರು ಸಾಕೆಂದು ಅವರು ತೋರಿಸಿದ್ದಾರೆ. ಇದು ಗಾತ್ರದಿಂದ ಬರುವ ಲಾಭ. ಏರಿಳಿತದಿಂದ ಬರುವ ಲಾಭವಲ್ಲ. ಗಾತ್ರದ ಲಾಭ ಒಡೆಯನ ಕೈಸೇರುತ್ತದೆಯೋ ಬಾಡಿಗೆದಾರನ ಕೈಸೇರುತ್ತದೆಯೋ ಎಂಬುದನ್ನು ನಿರ್ಧರಿಸುವುದು ದರಪಟ್ಟಿ. ಈ ವ್ಯತ್ಯಾಸ ಸಣ್ಣದಲ್ಲ.

ಡ್ರಾಪ್‌ಬಾಕ್ಸ್ ಎಂಬ ಸಂಸ್ಥೆಯ ವೃತ್ತಾಂತ ಈ ಮಾತಿಗೆ ಒಳ್ಳೆಯ ನಿದರ್ಶನ. ಜನರ ಕಡತಗಳನ್ನು ಕಾದಿರಿಸುವುದೇ ಅದರ ವೃತ್ತಿ. ಅದು ತನ್ನ ಕಡತಗಳನ್ನು ಅಮೆಜಾನಿನ ಉಗ್ರಾಣದಲ್ಲಿಟ್ಟು ಬೆಳೆದುದು ನಿಜ; 2015ರ ಹೊತ್ತಿಗೆ ಬಳಕೆದಾರರ ಮಾಹಿತಿಯಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಭಾಗವನ್ನು ತಾನೇ ಕಟ್ಟಿದ ದಾಸ್ತಾನಿಗೆ ಸಾಗಿಸಿತ್ತು. 2018ರಲ್ಲಿ ಷೇರುಗಳನ್ನು ಮಾರುವಾಗ ಸರ್ಕಾರಕ್ಕೆ ಒಪ್ಪಿಸಿದ ಪತ್ರದಲ್ಲಿ, ಈ ಮಾರ್ಪಾಟಿನಿಂದ 2016 ಮತ್ತು 2017ರ ಎರಡು ವರ್ಷಗಳಲ್ಲಿ ಸುಮಾರು 7 ಕೋಟಿ 46 ಲಕ್ಷ ಡಾಲರುಗಳಷ್ಟು ವೆಚ್ಚ ತಗ್ಗಿತೆಂದು ಅದು ತಿಳಿಸಿತು. ಇದಕ್ಕೆ ವಿರುದ್ಧವೆಂದು ತೋರುವ ನಿದರ್ಶನ ನೆಟ್‌ಫ್ಲಿಕ್ಸಿನದು. 2008ರಲ್ಲಿ ತನ್ನ ಸ್ವಂತ ದತ್ತಕೋಶ ಕೆಟ್ಟು ತೊಂದರೆಗೊಳಗಾದ ಆ ಸಂಸ್ಥೆ ಕ್ಲೌಡಿನ ಕಡೆಗೆ ಹೊರಟು, 2016ರ ಜನವರಿಯಲ್ಲಿ ಸ್ಥಳಾಂತರವನ್ನು ಮುಗಿಸಿತು. ಕ್ಲೌಡಿನ ಪಕ್ಷಪಾತಿಗಳು ಈ ಕಥೆಯನ್ನು ಮತ್ತೆ ಮತ್ತೆ ಹೇಳುತ್ತಾರೆ. ಆದರೆ ನೋಡುಗರ ಮನೆಗೆ ಚಿತ್ರಗಳನ್ನು ಹರಿಸುವ ಕೆಲಸವನ್ನು ಅದು ಬಾಡಿಗೆಯವರಿಗೆ ಒಪ್ಪಿಸಲಿಲ್ಲ. ತಾನೇ ಮಾಡಿಸಿದ ಪೆಟ್ಟಿಗೆಗಳನ್ನು ಅಲ್ಲಲ್ಲಿಯ ಅಂತರ್ಜಾಲ ಸಂಸ್ಥೆಗಳಲ್ಲಿಟ್ಟು ಅವುಗಳಿಂದ ಹರಿಸುತ್ತದೆ. ಎಂದರೆ ಏರಿಳಿತವುಳ್ಳ ಗಣನೆ ಬಾಡಿಗೆಗೆ, ಎಡೆಬಿಡದ ಹೊರಹರಿವು ಸ್ವಂತಕ್ಕೆ. ಎರಡು ಕಥೆಗಳೂ ವಿರುದ್ಧವಲ್ಲ. ಒಂದೇ ಸೂತ್ರದ ಎರಡು ತುದಿಗಳು.

ಹಾಗಾದರೆ ದಾಸ್ತಾನಿನ ವೆಚ್ಚವನ್ನು ಅಳೆಯಲು ತಕ್ಕ ಅಳತೆಗೋಲು ಯಾವುದು? ಅದು ಬರ್ಕ್ಲಿ ವರದಿಗಿಂತ ಇಪ್ಪತ್ತೆರಡು ವರ್ಷ ಹಿಂದಿನ ಒಂದು ಪುಟ್ಟ ಪ್ರಬಂಧದಲ್ಲಿದೆಯೆಂದು ನಮ್ಮ ನಂಬಿಕೆ. 1987ರಲ್ಲಿ ಜಿಮ್ ಗ್ರೇ ಮತ್ತು ಫ್ರಾಂಕೊ ಪುಟ್ಜೊಲು ಎಂಬಿಬ್ಬರು ‘ಐದು ನಿಮಿಷದ ನಿಯಮ’ವೆಂಬುದನ್ನು ಮುಂದಿಟ್ಟರು. ಆಗಿನ ಡಿಸ್ಕೊಂದು ಸೆಕೆಂಡಿಗೆ ಸುಮಾರು 15 ಸಲ ಮಾಹಿತಿಯನ್ನು ಎತ್ತಿಕೊಡಬಲ್ಲುದು. ಅದರ ಬೆಲೆ 15,000 ಡಾಲರು. ಸೆಕೆಂಡಿಗೆ ಒಂದು ಸಲ ಎತ್ತಿಕೊಡುವ ಸಾಮರ್ಥ್ಯದ ಬೆಲೆ ಸಾವಿರ ಡಾಲರೆಂದಾಯಿತು; ಉಳಿದ ಯಂತ್ರಭಾಗಗಳಿಗಾಗಿ ಇನ್ನೊಂದು ಸಾವಿರ ಸೇರಿಸಿದರೆ ಎರಡು ಸಾವಿರ. ಒಂದು ಕಿಲೋಬೈಟನ್ನು ಯಂತ್ರದ ಸ್ಮೃತಿಯಲ್ಲಿಯೇ ಇಟ್ಟುಕೊಳ್ಳಲು 5 ಡಾಲರು. 2,000ವನ್ನು 5ರಿಂದ ಭಾಗಿಸಿದರೆ 400 ಸೆಕೆಂಡು, ಎಂದರೆ ಐದು ನಿಮಿಷಕ್ಕೆ ಸ್ವಲ್ಪ ಹೆಚ್ಚು. ಸುಮಾರು ಐದು ನಿಮಿಷಕ್ಕೊಮ್ಮೆಯಾದರೂ ಬೇಕಾಗುವ ಮಾಹಿತಿ ಸ್ಮೃತಿಯಲ್ಲಿರತಕ್ಕದ್ದು. ಅದಕ್ಕಿಂತ ವಿರಳವಾಗಿ ಬೇಕಾಗುವುದು ಡಿಸ್ಕಿನಲ್ಲಿರತಕ್ಕದ್ದು. ಇಷ್ಟೇ ನಿಯಮ. ಇದರ ಹಿರಿಮೆ ಐದು ಎಂಬ ಅಂಕಿಯಲ್ಲಿಲ್ಲ. ಬೆಲೆಗಳು ಬದಲಾದಂತೆಲ್ಲ ಹತ್ತು ಹತ್ತು ವರ್ಷಗಳಿಗೊಮ್ಮೆ ವಿದ್ವಾಂಸರು ಅದನ್ನು ಮರುಲೆಕ್ಕ ಹಾಕಿದ್ದಾರೆ, ಸ್ಮೃತಿಗೂ ತಿರುಗುವ ಡಿಸ್ಕಿಗೂ ನಡುವಣ ಗಡುವು ಈಗ ಗಂಟೆಗಳಿಗೆ ಬೆಳೆದಿದೆ. ಹಿರಿಮೆಯಿರುವುದು ಪ್ರಶ್ನೆಯನ್ನು ಕೇಳುವ ಕ್ರಮದಲ್ಲಿ. ‘ಎಷ್ಟು ಇಟ್ಟಿದ್ದೀಯೆ?’ ಎಂದಲ್ಲ, ‘ಇಟ್ಟುದನ್ನು ಎಷ್ಟಕ್ಕೊಮ್ಮೆ ತೆಗೆಯುತ್ತೀಯೆ?’ ಎಂಬುದೇ ಆ ಪ್ರಶ್ನೆ.

ನಮ್ಮ ಹಿರಿಯರಿಗೆ ಈ ವಿವೇಕ ಅಪರಿಚಿತವಾಗಿರಲಿಲ್ಲ. ಈ ಹೊತ್ತಿನ ಅಕ್ಕಿ ಅಡುಗೆಮನೆಯ ಮಡಕೆಯಲ್ಲಿ, ಈ ವರ್ಷದ ಕಾಳು ಕಣಜದಲ್ಲಿ, ಬರಗಾಲಕ್ಕೆಂದು ತೆಗೆದಿಟ್ಟ ಜೋಳ ನೆಲದಡಿಯ ಹಗೇವಿನಲ್ಲಿ. ಹಗೇವನ್ನು ತೆರೆದ ಕೂಡಲೇ ಇಳಿಯುವಂತಿಲ್ಲ. ಒಳಗಿನ ಕೆಟ್ಟ ಗಾಳಿ ಹೋಗುವವರೆಗೆ ಕಾಯಬೇಕು. ಕ್ಲೌಡಿನ ಉಗ್ರಾಣಗಳಲ್ಲಿಯೂ ಇದೇ ಬಗೆಯ ಅಂತಸ್ತುಗಳು ಏರ್ಪಟ್ಟಿವೆ. ಅಮೆಜಾನಿನ ‘ಎಸ್-ತ್ರೀ’ ಎಂಬ ದಾಸ್ತಾನು 2006ರ ಮಾರ್ಚಿಯಲ್ಲಿ ಆರಂಭವಾದಾಗ ಒಂದೇ ಅಂತಸ್ತು, ಗಿಗಾಬೈಟಿಗೆ ತಿಂಗಳಿಗೆ 15 ಸೆಂಟು. 2012ರಲ್ಲಿ ‘ಗ್ಲೇಸಿಯರ್’ ಬಂದಿತು; 2015ರಲ್ಲಿ ವಿರಳಬಳಕೆಯ ಅಂತಸ್ತು; 2019ರಲ್ಲಿ ‘ಡೀಪ್ ಆರ್ಕೈವ್’ ಎಂಬ ಹಗೇವು. ಉತ್ತರ ವರ್ಜೀನಿಯಾ ವಲಯಕ್ಕೆ ಪ್ರಕಟವಾಗಿರುವ ದರಗಳನ್ನು ಆಧರಿಸಿ ಕೆಳಗಿನ ಲೆಕ್ಕವನ್ನು ಮಾಡಿದೆ; ಮುಂಬಯಿ ವಲಯದ ದರಗಳು ಕೊಂಚ ಬೇರೆ, ತೀರ್ಮಾನ ಬೇರೆಯಲ್ಲ.

ಸಾಧಾರಣ ಅಂತಸ್ತಿನಲ್ಲಿ ಗಿಗಾಬೈಟಿಗೆ ತಿಂಗಳಿಗೆ 2.3 ಸೆಂಟು, ವಿರಳಬಳಕೆಯದರಲ್ಲಿ 1.25 ಸೆಂಟು, ಆದರೆ ತೆಗೆದಾಗಲೆಲ್ಲ ಗಿಗಾಬೈಟಿಗೆ ಒಂದು ಸೆಂಟು. ಉಳಿತಾಯ 1.05 ಸೆಂಟು, ತೆಗೆಯುವ ಸುಂಕ ಒಂದು ಸೆಂಟು. ಎಂದರೆ ಇಟ್ಟುದನ್ನೆಲ್ಲ ತಿಂಗಳಿಗೊಮ್ಮೆ ಓದಿದರೆ ಲಾಭನಷ್ಟಗಳು ಸರಿಸಮ. ಗ್ರೇ ಮತ್ತು ಪುಟ್ಜೊಲು ಅವರ ಐದು ನಿಮಿಷ ಇಲ್ಲಿ ಒಂದು ತಿಂಗಳಾಗಿದೆ. ಹಗೇವಿನ ಅಂತಸ್ತಿನಲ್ಲಿ ಬಾಡಿಗೆ ಗಿಗಾಬೈಟಿಗೆ 0.099 ಸೆಂಟು, ಸಾಧಾರಣ ಅಂತಸ್ತಿನ ಇಪ್ಪತ್ತಮೂರನೆಯ ಒಂದು ಭಾಗ. ತೆಗೆಯುವುದಕ್ಕೆ ಗಿಗಾಬೈಟಿಗೆ ಎರಡು ಸೆಂಟು. ಹಣದ ಲೆಕ್ಕದಲ್ಲಿ ಇಲ್ಲಿಯೂ ಗಡುವು ಹತ್ತಿರ ಹತ್ತಿರ ಒಂದು ತಿಂಗಳೇ ಆಗುತ್ತದೆಂಬುದು ಮೊದಲ ನೋಟಕ್ಕೆ ಆಶ್ಚರ್ಯ. ಇಷ್ಟು ಅಗ್ಗವಾದುದರ ಬೆಲೆಯನ್ನು ಬೇರೊಂದು ನಾಣ್ಯದಲ್ಲಿ ತೆರಬೇಕಾಗಿದೆ: ಕೇಳಿದ ಕಡತ ಕೈಸೇರಲು 12 ಗಂಟೆಗಳವರೆಗೆ, ಅಗ್ಗದ ಕ್ರಮವನ್ನು ಆರಿಸಿಕೊಂಡರೆ 48 ಗಂಟೆಗಳವರೆಗೆ ಕಾಯಬೇಕು. ಬೆಂಗಳೂರಿನಲ್ಲಿ 1962ರಲ್ಲಿ ದಾಖಲಾತಿ ಸಂಶೋಧನ ಕೇಂದ್ರವನ್ನು ಸ್ಥಾಪಿಸಿದ ರಂಗನಾಥನ್ ಅವರ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗನ ಸಮಯವನ್ನು ಉಳಿಸುವುದಕ್ಕೆ ಸಂಬಂಧಿಸಿದುದೆಂಬುದನ್ನು ಈ ಬುಲೆಟಿನ್ನಿನ ವಾಚಕರಿಗೆ ನೆನಪಿಸಬೇಕಾಗಿಲ್ಲವಷ್ಟೆ. ದರಪಟ್ಟಿಯಲ್ಲಿ ಓದುಗನ ಸಮಯಕ್ಕೆ ಅಂಕಣವಿಲ್ಲ.

ಇನ್ನೊಂದು ವಿಷಯವನ್ನು ಅನುಭವದಿಂದ ಹೇಳಬೇಕಾಗಿದೆ. ಕೆಲವು ವರ್ಷಗಳ ಕೆಳಗೆ ನಮ್ಮ ವಿಭಾಗದವರು ಹಳೆಯ ಪತ್ರಿಕೆಗಳ ಬಿಂಬಗಳನ್ನೂ, ಪ್ರತಿ ಪುಟದ ಅಕ್ಷರಗಳನ್ನು ಯಂತ್ರದಿಂದ ಓದಿಸಿದ ಪುಟ್ಟ ಪುಟ್ಟ ಕಡತಗಳನ್ನೂ ಒಂದು ಬಾಡಿಗೆಯ ಉಗ್ರಾಣದಲ್ಲಿಟ್ಟಿದ್ದೆವು. ಬಳಕೆಯಿಲ್ಲದುದೆಲ್ಲವೂ ತಾನಾಗಿಯೇ ಕೆಳಗಿನ ಅಂತಸ್ತಿಗೆ ಇಳಿಯುವಂತೆ ನಿಯಮವನ್ನು ಬರೆದಿಟ್ಟೆವು. ಮಿತವ್ಯಯದ ಕೈಪಿಡಿಗಳೆಲ್ಲ ಹೇಳುವುದು ಅದನ್ನೇ. ಉಳಿತಾಯಕ್ಕೆಂದು ಮಾಡಿದ ಆ ತಿಂಗಳ ಬಿಲ್ಲೇ ಆ ವರ್ಷದ ಬಿಲ್ಲುಗಳಲ್ಲಿ ದೊಡ್ಡದಾಗಿ ಬಂದಿತು. ಯಾವ ಸಂಸ್ಥೆಯ ಉಗ್ರಾಣವೆಂಬುದು ಇಲ್ಲಿ ಅಪ್ರಸ್ತುತ. ದರಪಟ್ಟಿಯ ಕೆಳಸಾಲುಗಳನ್ನು ಓದದಿದ್ದುದು ನಮ್ಮ ತಪ್ಪು. ಲೆಕ್ಕ ಅಧಿಕಾರಿಗೆ ಉತ್ತರ ಹೇಳಲು ಕುಳಿತಾಗಲೇ ಆ ಸಾಲುಗಳನ್ನು ನಾನು ಮೊದಲು ಓದಿದ್ದು.

ಪ್ರಕಟವಾದ ದರಗಳನ್ನೇ ಹಿಡಿದು ಒಂದು ಕಲ್ಪಿತ ಉದಾಹರಣೆಯನ್ನು ನೋಡಬಹುದು. ತಲಾ 10 ಕಿಲೋಬೈಟಿನ ಒಂದು ಕೋಟಿ ಕಡತಗಳಿವೆಯೆನ್ನೋಣ. ಒಟ್ಟು 100 ಗಿಗಾಬೈಟು, ಸಾಧಾರಣ ಅಂತಸ್ತಿನಲ್ಲಿ ತಿಂಗಳ ಬಾಡಿಗೆ 2 ಡಾಲರು 30 ಸೆಂಟು. ಇವನ್ನು ಹಗೇವಿಗೆ ಇಳಿಸಲು ಸಾವಿರ ಕಡತಗಳಿಗೆ 5 ಸೆಂಟಿನಂತೆ ಕೂಲಿ: ಒಂದು ಕೋಟಿಗೆ 500 ಡಾಲರು. ಅಷ್ಟಕ್ಕೇ ಮುಗಿಯಲಿಲ್ಲ. ಕೆಳಗಿಳಿದ ಪ್ರತಿಯೊಂದು ಕಡತಕ್ಕೂ ಹೆಸರು ವಿಳಾಸಗಳ ಬಾಬ್ತು 8 ಕಿಲೋಬೈಟನ್ನು ಸಾಧಾರಣ ದರದಲ್ಲಿಯೂ 32 ಕಿಲೋಬೈಟನ್ನು ಹಗೇವಿನ ದರದಲ್ಲಿಯೂ ಸೇರಿಸುತ್ತಾರೆ. ಎಲ್ಲವನ್ನೂ ಕೂಡಿದರೆ ಹೊಸ ತಿಂಗಳ ಬಾಡಿಗೆ 2 ಡಾಲರು 26 ಸೆಂಟಿನಷ್ಟಾಗುತ್ತದೆ. ತಿಂಗಳಿಗೆ ನಾಲ್ಕು ಸೆಂಟು ಉಳಿಸುವುದಕ್ಕಾಗಿ ಐನೂರು ಡಾಲರುಗಳ ಕೂಲಿ! ಮೂಗಿಗಿಂತ ಮೂಗುತಿ ಭಾರವೆಂಬ ಗಾದೆ ಇದಕ್ಕೆಂದೇ ಹುಟ್ಟಿದಂತಿದೆ. ಅದೇ 100 ಗಿಗಾಬೈಟನ್ನು ಒಂದೊಂದು ಗಿಗಾಬೈಟಿನ ನೂರು ಕಟ್ಟುಗಳಾಗಿ ಮೊದಲೇ ಕಟ್ಟಿದ್ದರೆ ಇಳಿಸುವ ಕೂಲಿ ಒಂದು ಸೆಂಟನ್ನೂ ಮುಟ್ಟುತ್ತಿರಲಿಲ್ಲ, ತಿಂಗಳ ಬಾಡಿಗೆ ಹತ್ತು ಸೆಂಟಿಗೆ ಇಳಿಯುತ್ತಿತ್ತು. ಮಾಹಿತಿ ಅದೇ, ಅಂತಸ್ತು ಅದೇ, ದರಪಟ್ಟಿ ಅದೇ. ಬೇರೆಯಾದುದು ಕಟ್ಟಿನ ಗಾತ್ರವೊಂದೇ. ಇಂತಹ ಸಂಗತಿಗಳು ಬರ್ಕ್ಲಿ ವರದಿಯ ಕಾಲದಲ್ಲಿ ಇರಲಿಲ್ಲವೆಂಬುದು ನಿಜ. ಆದರೆ ‘ಬಳಸಿದಷ್ಟಕ್ಕೆ ಹಣ’ ಎಂಬ ಸೂತ್ರದಲ್ಲಿ ‘ಬಳಕೆ’ ಎಂದರೇನೆಂಬುದನ್ನು ಒಡೆಯನೇ ನಿರ್ಣಯಿಸುತ್ತಾನೆಂಬ ಅಂಶ ಅಂದೂ ಇತ್ತು, ವರದಿ ಅದನ್ನು ವಿಚಾರಿಸಲಿಲ್ಲ.

ಕಾರ್ಯವೇಗದ ವಿಷಯದಲ್ಲಿ ವರದಿ ಹೆಚ್ಚು ಎಚ್ಚರದಿಂದಿದೆ. ಅಮೆಜಾನಿನ 75 ಯಂತ್ರಗಳನ್ನು ಅವರು ಅಳೆದು ನೋಡಿದರು. ಸ್ಮೃತಿಯ ವೇಗದಲ್ಲಿ ಯಂತ್ರ ಯಂತ್ರಗಳ ನಡುವೆ ಕಂಡ ವಿಚಲನ ಸರಾಸರಿಯ ನೂರಕ್ಕೆ 4ರಷ್ಟು. ಡಿಸ್ಕಿಗೆ ಬರೆಯುವ ವೇಗದಲ್ಲಿ ನೂರಕ್ಕೆ 16ಕ್ಕಿಂತ ಹೆಚ್ಚು. ಹಲವು ಬಾಡಿಗೆದಾರರು ಒಂದೇ ಯಂತ್ರವನ್ನು ಹಂಚಿಕೊಂಡಾಗ ಗಣನೆ ಚೆನ್ನಾಗಿಯೇ ಹಂಚಿಹೋಗುತ್ತದೆ, ಡಿಸ್ಕು ಹಾಗೆ ಹಂಚಿಹೋಗುವುದಿಲ್ಲ ಎಂಬ ಅವರ ತೀರ್ಮಾನ ಪ್ರಾಮಾಣಿಕವಾದುದು. ಮೇಲೆ ನಾವು ಹೇಳಿದ ಭೇದವನ್ನೇ ಅವರ ಅಳತೆಗಳು ತೋರಿಸುತ್ತವೆ. ಆದರೂ ವೆಚ್ಚದ ಅಧ್ಯಾಯಕ್ಕೆ ಬಂದಾಗ ಅದನ್ನು ಮರೆತಂತೆ ಕಾಣುತ್ತದೆ. ವೇಗವೂ ವೆಚ್ಚವೂ ಎರಡು ಬೇರೆ ಬೇರೆ ವಿಷಯಗಳೆಂಬ ಭ್ರಮೆಯನ್ನು ಇತ್ತೀಚಿನ ಒಂದು ಪ್ರಸಂಗ ಚೆನ್ನಾಗಿ ಬಿಡಿಸಿದೆ. ಅಮೆಜಾನಿನದೇ ಆದ ಪ್ರೈಮ್ ವೀಡಿಯೊ ಶಾಖೆಯಲ್ಲಿ ಚಿತ್ರ ಮತ್ತು ಧ್ವನಿಗಳ ಗುಣವನ್ನು ಪರೀಕ್ಷಿಸುವ ಏರ್ಪಾಡೊಂದು ಹಲವು ಬಿಡಿ ಸೇವೆಗಳಾಗಿ ಹಂಚಿಹೋಗಿತ್ತು. ಒಂದು ಸೇವೆ ಬಿಡಿಸಿದ ಚಿತ್ರಗಳನ್ನು ಉಗ್ರಾಣದಲ್ಲಿಡುವುದು, ಇನ್ನೊಂದು ಅಲ್ಲಿಂದ ತೆಗೆಯುವುದು, ಹೀಗೆ. 2023ರಲ್ಲಿ ಆ ಶಾಖೆಯವರೇ ಪ್ರಕಟಿಸಿದಂತೆ, ಎಲ್ಲವನ್ನೂ ಒಂದೇ ಪ್ರಕ್ರಿಯೆಯೊಳಗೆ ತಂದು ಚಿತ್ರಗಳನ್ನು ಸ್ಮೃತಿಯಲ್ಲಿಯೇ ದಾಟಿಸಿದಾಗ ವೆಚ್ಚ ನೂರಕ್ಕೆ 90ಕ್ಕಿಂತ ಹೆಚ್ಚು ತಗ್ಗಿತು, ಹೊರುವ ಭಾರವೂ ಹೆಚ್ಚಿತು. ಕ್ಷಣಮಾತ್ರದಲ್ಲಿ ಮತ್ತೆ ಬೇಕಾಗುವ ವಸ್ತುವನ್ನು ಉಗ್ರಾಣಕ್ಕೆ ಕಳುಹಿಸಬಾರದೆಂಬ 1987ರ ನಿಯಮವನ್ನು ಒಡೆಯನ ಮನೆಯವರೇ ಮತ್ತೆ ಕಂಡುಕೊಂಡರು ಎಂದರೆ ತಪ್ಪಾಗಲಾರದು.

ಈಗ ಬಾಗಿಲುಗಳ ಸುಂಕದ ವಿಚಾರ. ವರದಿಯ ಅತ್ಯಂತ ಸ್ವಾರಸ್ಯಕರವಾದ ಭಾಗ ಇದೇ. ಬರ್ಕ್ಲಿಯಿಂದ ಸಿಯಾಟಲಿಗೆ 10 ಟೆರಾಬೈಟು ಮಾಹಿತಿಯನ್ನು ಸೆಕೆಂಡಿಗೆ 20 ಮೆಗಾಬಿಟ್ಟಿನ ತಂತಿಯ ಮೂಲಕ ಕಳುಹಿಸಿದರೆ 40 ಲಕ್ಷ ಸೆಕೆಂಡುಗಳು, ಎಂದರೆ 45 ದಿನಗಳಿಗೂ ಹೆಚ್ಚು ಕಾಲ ಹಿಡಿಯುವುದೆಂದೂ, ಸಾಲದುದಕ್ಕೆ 1,000 ಡಾಲರು ಸಾಗಣೆಯ ಸುಂಕವಾಗುವುದೆಂದೂ, ಅದರ ಬದಲು ಹತ್ತು ಡಿಸ್ಕುಗಳನ್ನು ಕೊರಿಯರಿನಲ್ಲಿ ಕಳುಹಿಸಿದರೆ ಒಂದು ದಿನದೊಳಗೆ ಸುಮಾರು 400 ಡಾಲರಿನಲ್ಲಿ ಕೆಲಸವಾಗುವುದೆಂದೂ ಅವರು ಲೆಕ್ಕ ತೋರಿಸಿದರು. ಈ ಮಾತನ್ನು ವ್ಯಾಪಾರಿಗಳು ಅಕ್ಷರಶಃ ಕೈಗೊಂಡರು. 2015ರಲ್ಲಿ ಅಮೆಜಾನು ಇದಕ್ಕೆಂದೇ ಒಂದು ಗಟ್ಟಿಪೆಟ್ಟಿಗೆಯನ್ನು ತಂದಿತು, 2016ರಲ್ಲಿ ಟ್ರಕ್ಕನ್ನೇ ತಂದಿತು. ಒಳಬರುವ ಮಾಹಿತಿಯ ಮೇಲಿನ ಸುಂಕವನ್ನು 2011ರಲ್ಲಿ ತೆಗೆದುಹಾಕಿತು. ಅಡಚಣೆ ಪರಿಹಾರವಾಯಿತೆಂದು ಹೇಳಬಹುದೇ? ಒಂದು ದಿಕ್ಕಿನಲ್ಲಿ ಮಾತ್ರ. 2006ರಿಂದ ಈಚೆಗೆ ಇಡುವ ಬಾಡಿಗೆ 15 ಸೆಂಟಿನಿಂದ 2.3 ಸೆಂಟಿಗೆ, ಸುಮಾರು ಆರೂವರೆ ಪಟ್ಟು ಇಳಿಯಿತು. ಹೊರಗೊಯ್ಯುವ ಸುಂಕ 20 ಸೆಂಟಿನಿಂದ 9 ಸೆಂಟಿಗೆ, ಎರಡು ಪಟ್ಟಿಗೆ ಕೊಂಚ ಹೆಚ್ಚಾಗಿ ಮಾತ್ರ ಇಳಿಯಿತು.

ಇದರ ಫಲವನ್ನು ಅದೇ 10 ಟೆರಾಬೈಟಿನ ಮೇಲೆ ನೋಡೋಣ. ಸಾಧಾರಣ ಅಂತಸ್ತಿನಲ್ಲಿ ತಿಂಗಳ ಬಾಡಿಗೆ 230 ಡಾಲರು. ಹೊರಗೊಯ್ಯಲು ಸುಮಾರು 900. ನಾಲ್ಕು ತಿಂಗಳ ಬಾಡಿಗೆಯಷ್ಟು, ಸಹಿಸಬಹುದು. ಹಗೇವಿನಲ್ಲಿಟ್ಟರೆ ತಿಂಗಳ ಬಾಡಿಗೆ ಹತ್ತು ಡಾಲರಿಗೂ ಒಳಗೆ. ಹೊರಗೊಯ್ಯಲು ತೆಗೆಯುವ ಕೂಲಿ 200, ಬಾಗಿಲ ಸುಂಕ 900, ಒಟ್ಟು 1,100: ಒಂಬತ್ತು ವರ್ಷಗಳ ಬಾಡಿಗೆಗೆ ಸಮ! ಇಡುವುದನ್ನು ಅಗ್ಗ ಮಾಡಿದಷ್ಟೂ ಬಿಟ್ಟುಹೋಗುವುದು ದುಬಾರಿಯಾಗಿ ತೋರುತ್ತದೆ. ಮಿತವ್ಯಯದ ಹೆಸರಿನಲ್ಲಿ ಸಂಗ್ರಹವನ್ನು ಕೆಳಗಿಳಿಸುತ್ತ ಹೋದ ಗ್ರಂಥಾಲಯ ತನ್ನ ಬಾಗಿಲನ್ನು ತಾನೇ ಕಿರಿದು ಮಾಡಿಕೊಳ್ಳುತ್ತ ಹೋಗುತ್ತದೆ. ಮೂರು ವರ್ಷಗಳ ಅನುದಾನದಿಂದ ನಡೆಯುವ ಯೋಜನೆಗಳಲ್ಲಿ ಇದು ಕೇವಲ ಲೆಕ್ಕದ ಮಾತಲ್ಲ. ಅನುದಾನ ಮುಗಿದ ಮೇಲೆ ತಿಂಗಳ ಹತ್ತು ಡಾಲರನ್ನು ಯಾವುದಾದರೂ ಬಾಬಿನಿಂದ ಹೊಂದಿಸಬಹುದು. ಸಾವಿರದ ನೂರು ಡಾಲರನ್ನು ಒಮ್ಮೆಗೆ ಹೊಂದಿಸಲು ಆಗದ ವಿಭಾಗಗಳೇ ಹೆಚ್ಚು. ಹಾಗಾದಾಗ ಸಂಗ್ರಹ ನಮ್ಮದೆಂದು ಹೇಳಿಕೊಳ್ಳುವುದು ಕಾಗದದ ಮೇಲಿನ ಮಾತಾಗುತ್ತದೆ.

ನ್ಯಾಯವಾಗಿ ಇದನ್ನೂ ಹೇಳಬೇಕು: 2024ರಲ್ಲಿ ಗೂಗಲ್, ಅಮೆಜಾನ್, ಮೈಕ್ರೊಸಾಫ್ಟ್ ಸಂಸ್ಥೆಗಳು ಪೂರ್ತಿಯಾಗಿ ಬಿಟ್ಟುಹೋಗುವ ಗ್ರಾಹಕರಿಗೆ ಬಾಗಿಲ ಸುಂಕವನ್ನು ಮನ್ನಾ ಮಾಡುವುದಾಗಿ ಸಾರಿದುವು. ಯುರೋಪಿನ ಒಕ್ಕೂಟದ ಮಾಹಿತಿ ಶಾಸನ 2025ರ ಸೆಪ್ಟೆಂಬರಿನಿಂದ ಅನ್ವಯವಾಗಿದ್ದು, ಸ್ಥಳಾಂತರದ ಸುಂಕಗಳು 2027ರ ಜನವರಿಯಿಂದ ಇರಕೂಡದೆಂದು ಅದು ವಿಧಿಸಿದೆ. ಇವು ಸ್ವಾಗತಾರ್ಹ. ಆದರೆ ಮನ್ನಾ ಇರುವುದು ಮನೆ ಖಾಲಿ ಮಾಡುವವನಿಗೆ. ಮನೆಯಲ್ಲಿದ್ದುಕೊಂಡು ತನ್ನ ಪುಸ್ತಕಗಳನ್ನು ಓದುಗರಿಗೆ ಹೊರಗೆ ಕೊಡುತ್ತಿರುವವನು ಎಂದಿನಂತೆ ತೆರುತ್ತಲೇ ಇರಬೇಕು.

ಇಷ್ಟರಿಂದ ಕ್ಲೌಡನ್ನು ಬಿಟ್ಟು ಸ್ವಂತ ಯಂತ್ರಗಳಿಗೆ ಹಿಂದಿರುಗಬೇಕೆಂದು ನಾವು ವಾದಿಸುತ್ತಿರುವುದಾಗಿ ಯಾರೂ ಭಾವಿಸಬಾರದು. ಹಾಗೆ ವಾದಿಸುವ ಬರೆಹಗಳು 2021ರಿಂದೀಚೆಗೆ ಹೇರಳವಾಗಿ ಬಂದಿವೆ. ಅವುಗಳಲ್ಲಿ ಹಲವಕ್ಕೆ ಡ್ರಾಪ್‌ಬಾಕ್ಸಿನ ಕಥೆಯೇ ಆಧಾರ. ನೂರಾರು ಪೆಟಾಬೈಟುಗಳುಳ್ಳವನ ಲೆಕ್ಕವನ್ನು ಹತ್ತು ಟೆರಾಬೈಟುಗಳುಳ್ಳವನು ಅನುಸರಿಸುವುದು, ಬರ್ಕ್ಲಿಯ ಮಧ್ಯರಾತ್ರಿಯನ್ನು ದಾಸ್ತಾನಿಗೆ ಹೊಂದಿಸಿದಷ್ಟೇ ಅಸಮಂಜಸ. ಹ್ಯಾಮಿಲ್ಟನ್ ಅವರ ಅಂಕಿಗಳಲ್ಲಿ ಇನ್ನೊಂದು ಉಂಟು: ಮಧ್ಯಮ ಕೇಂದ್ರದಲ್ಲಿ ಒಬ್ಬ ನಿರ್ವಾಹಕ 140 ಸರ್ವರುಗಳನ್ನು ನೋಡಿಕೊಂಡರೆ ಮಹಾಕೇಂದ್ರದಲ್ಲಿ ಸಾವಿರಕ್ಕೂ ಹೆಚ್ಚು. ನಮ್ಮಂತಹ ವಿಭಾಗದಲ್ಲಿ ಇರುವ ಎರಡು ಸರ್ವರುಗಳಿಗೆ ಅರ್ಧ ನಿರ್ವಾಹಕನಿದ್ದಾನೆ. ಉಳಿದರ್ಧ ಪರೀಕ್ಷಾ ವಿಭಾಗದಲ್ಲಿ ದುಡಿಯುತ್ತದೆ. ಕರೆಂಟು ಹೋದಾಗ ಯುಪಿಎಸ್ಸಿನ ಬ್ಯಾಟರಿ ಎಷ್ಟು ಹೊತ್ತು ತಾಳುವುದೆಂಬುದನ್ನು ಬಲ್ಲವನು ಅವನೊಬ್ಬನೇ. ಇಂತಹ ಕಡೆ ಬಾಡಿಗೆಯ ಉಗ್ರಾಣವೇ ಕ್ಷೇಮವೆಂಬುದರಲ್ಲಿ ನಮಗೆ ಸಂದೇಹವಿಲ್ಲ.

ನಮ್ಮ ಆಕ್ಷೇಪಣೆ ವರದಿಯ ಮೇಲಿಗಿಂತ ಅದನ್ನು ಅನುಸರಿಸಿ ಹುಟ್ಟಿದ ಮಿತವ್ಯಯದ ಕೈಪಿಡಿಗಳ ಮೇಲೆ ಹೆಚ್ಚು. ಅವುಗಳಲ್ಲಿ ಬಿಲ್ಲನ್ನು ತಗ್ಗಿಸುವ ಉಪಾಯಗಳು ಸಾಲುಸಾಲಾಗಿವೆ. ಕಡತ ಎಷ್ಟು ದೊಡ್ಡದು, ಎಷ್ಟಕ್ಕೊಮ್ಮೆ ಬೇಕು, ಬೇಕೆಂದವನು ಎಷ್ಟು ಹೊತ್ತು ಕಾಯಬಲ್ಲ, ಹೊರಗೊಯ್ಯಲು ಎಷ್ಟಾದೀತು ಎಂಬ ನಾಲ್ಕು ಪ್ರಶ್ನೆಗಳನ್ನು ಒಟ್ಟಿಗೆ ಕೇಳುವ ಕೈಪಿಡಿ ನಮ್ಮ ಕಣ್ಣಿಗೆ ಬೀಳಲಿಲ್ಲ. ಗ್ರೇ ಮತ್ತು ಪುಟ್ಜೊಲು ಎರಡನೆಯದನ್ನು ಕೇಳಿದರು. ಬರ್ಕ್ಲಿಯವರು ನಾಲ್ಕನೆಯದರ ಅರ್ಧವನ್ನು ಕೇಳಿದರು. ಮೂರನೆಯದನ್ನು ಕೇಳಬೇಕಾದವರು ಗ್ರಂಥಪಾಲಕರು.

ಈಚೆಗೆ ನಮ್ಮ ವಿಭಾಗದಲ್ಲಿ ಮಾಡಿಕೊಂಡಿರುವ ಏರ್ಪಾಡನ್ನು, ಅದು ಪರೀಕ್ಷೆಗೊಳಗಾಗಬೇಕಾದುದೆಂಬ ಎಚ್ಚರದೊಡನೆ, ಇಲ್ಲಿ ತಿಳಿಸಬಹುದು. ಒಂದೊಂದು ಪತ್ರಿಕೆಯ ಒಂದೊಂದು ವರ್ಷದ ಸಂಪುಟವನ್ನು ಒಂದೇ ಕಟ್ಟಾಗಿ ಕಟ್ಟಿ ಕೆಳಗಿನ ಅಂತಸ್ತಿಗೆ ಇಳಿಸಿದೆ. ಅಕಾರಾದಿ ಸೂಚಿಯೂ ಪುಟಗಳ ಸಣ್ಣ ಬಿಂಬಗಳೂ ಮೇಲಿನ ಅಂತಸ್ತಿನಲ್ಲಿಯೇ ಉಳಿದಿವೆ, ಓದುಗನು ತನಗೆ ಬೇಕಾದ ಸಂಪುಟ ಯಾವುದೆಂಬುದನ್ನು ಕಾಯದೆ ಗೊತ್ತುಮಾಡಿಕೊಳ್ಳಬಹುದು. ಮೊದಲ ದಿನ ಚೀಟಿ ಕೊಟ್ಟವನಿಗೆ ಮರುದಿನ ಬೆಳಗ್ಗೆ ಸಂಪುಟ ದೊರೆಯುತ್ತದೆ. ಎಲ್ಲದರ ಇನ್ನೊಂದು ಪ್ರತಿ ಎರಡು ಡಿಸ್ಕುಗಳಲ್ಲಿ ವಿಭಾಗದ ಕಬ್ಬಿಣದ ಬೀರುವಿನಲ್ಲಿದೆ; ಆರು ತಿಂಗಳಿಗೊಮ್ಮೆ ಅವನ್ನು ಯಂತ್ರಕ್ಕೆ ಹಾಕಿ ಕಡತಗಳ ಲೆಕ್ಕವನ್ನು ಸರಿನೋಡುವ ಕೆಲಸವನ್ನು ಸಂಶೋಧನ ವಿದ್ಯಾರ್ಥಿಯೊಬ್ಬರಿಗೆ ವಹಿಸಿದೆ. ಹೊಸ ಯೋಜನೆಗಳ ಅಂದಾಜುಪಟ್ಟಿಯಲ್ಲಿ ಬಿಟ್ಟುಹೋಗುವ ವೆಚ್ಚವೆಂಬ ಒಂದು ಬಾಬನ್ನು ಸೇರಿಸಿ ಕಳುಹಿಸಿದ್ದೆವು. ಮೊದಲ ಸಲ ಆ ಸಾಲಿಗೆ ಕೆಂಪು ಗೆರೆ ಎಳೆದು, ಬರುವ ಮೊದಲೇ ಹೋಗುವ ಮಾತೇಕೆ ಎಂಬ ಷರಾದೊಡನೆ ಪಟ್ಟಿ ಹಿಂದಿರುಗಿತು. ಎರಡನೆಯ ಸಲ, ಮೇಲೆ ಕೊಟ್ಟಿರುವ ಹತ್ತು ಟೆರಾಬೈಟಿನ ಲೆಕ್ಕವನ್ನು ಲಗತ್ತಿಸಿ ಕಳುಹಿಸಿದೆ. ಉತ್ತರ ಇನ್ನೂ ಬಂದಿಲ್ಲ.